ಗರುಡಾಚಾರ್‌ಪಾಳ್ಯದ ಕಿಟಕಿ

"ಕೂಗು ಆಗೋಕ್ ಮುಂಚೆನೋ, ಆದ್ಮೇಲೋ? ಅದೊಂದ್ ಹೇಳ್ಬಿಡಿ ಅಕ್ಕಯಮ್ನೋರೆ, ಮಿಕ್ಕಿದ್ದೆಲ್ಲ ನಾನ್ ನೋಡ್ಕೋತೀನಿ."

ದಾಸಯ್ಯ ಚಲುವಯ್ಯ ಶಂಖವನ್ನು ಕಂಕುಳಲ್ಲಿ ಇರುಕಿಕೊಂಡು, ಜಾಗಟೆಯನ್ನು ಗೋಡೆಗೆ ಒರಗಿಸಿ, ಹೆಣದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಬಿನ್ನಮಂಗಲದಲ್ಲಿ ಯಾರೇ ಸತ್ತರೂ ಮೊದಲು ಅವನಿಗೆ ಹೇಳಿಕಳಿಸಬೇಕು. ತಲೆ ಯಾವ ದಿಕ್ಕಿಗೆ, ಕೊಡ ಯಾರ ಹೆಗಲಿಗೆ, ಎಲ್ಲ ಅವನ ಬಾಯಿಂದಲೇ ಬರಬೇಕು. ಈ ದಿನ ಹಲಸೂರಿನ ಜೋಯಿಸರ ಮನೆಗೂ ಹೋಗಿ ಪಂಚಾಂಗ ನೋಡಿಸಿಕೊಂಡು ಬಂದಿದ್ದ.

ಕೂಗು ಅಂದರೆ ವಿಮಾನದ ಕಾರ್ಖಾನೆಯ ಕೂಗು. ಯುದ್ಧ ಶುರುವಾದಾಗಿನಿಂದ ಈ ಕಡೆಯ ಹಳ್ಳಿಗಳಿಗೆಲ್ಲ ಅದೇ ಗಡಿಯಾರ. ಬೆಳಗಿನ ಕೂಗಿನೊಳಗೆ ಹಾಲು ಕರೆದಾಗಿರಬೇಕು, ಸಂಜೆಯ ಕೂಗಿಗೆ ದೀಪ ಹಚ್ಚಬೇಕು. ಯುದ್ಧ ಮುಗಿದು ವರ್ಷವಾಗಿತ್ತು, ಕೂಗು ನಿಂತಿರಲಿಲ್ಲ.

"ಕೂಗಿಗೂ ಸಾವಿಗೂ ಏನ್ ನಂಟು ದಾಸಯ್ಯ?" ಎಂದಳು ಪಕ್ಕದ ಮನೆಯ ಚಿಕ್ಕಮುನಿಯಮ್ಮ. ಬೆಳಗಿನಿಂದ ಹಾಡಿ ಹಾಡಿ ಅತ್ತು, ಈಗ ಎಲೆಯಡಿಕೆಗೆಂದು ಬಿಡುವು ಮಾಡಿಕೊಂಡಿದ್ದಳು.

"ಪಂಚಕ ನಡೀತಿತ್ತು ಕಣಮ್ಮ, ಸಾವಿಗೆ ಕೆಟ್ಟ ಐದು ನಕ್ಷತ್ರ. ಕೊನೇದು ರೇವತಿ, ಬೆಳಗಿನ ಕೂಗಿನ ಹೊತ್ತಿಗೆ ಕಳೀತಂತೆ. ಆಮೇಲೆ ಪ್ರಾಣ ಹೋಗಿದ್ರೆ ನಮ್ ಮುನಿನಾರಾಯಣಪ್ಪ ಪುಣ್ಯವಂತ, ತಲೆಬಾಗಿಲಲ್ಲಿ ರಾಜನ ಹಂಗೆ ಹೊರಡ್ತಾನೆ. ಮುಂಚೆ ಹೋಗಿದ್ರೆ ಹೆಣ ಹೊಸಿಲು ದಾಟೋ ಹಂಗಿಲ್ಲ. ಗೋಡೆ ಒಡೆದು ಆಚೆಗೆ ತಗೀಬೇಕು. ಮೂರು ತಿಂಗಳು ಮನೆಗೆ ಮುಳ್ಳು ಹಾಕಬೇಕು, ಯಾರೂ ಇರಂಗಿಲ್ಲ."

"ಗೋಡೆ ಒಡೀಬೇಕಾ?" ಎಂದ ಮಗ ಮುನಿರಾಜಪ್ಪ. ಕಾರ್ಖಾನೆಗೆ ಹೋದವನು ಸುದ್ದಿ ಮುಟ್ಟಿ ಹಾಗೇ ಓಡಿಬಂದಿದ್ದ. ಖಾಕಿ ಅಂಗಿ ಇನ್ನೂ ಮೈಮೇಲಿತ್ತು.

"ಗೋಡೆ ಯಾಕಪ್ಪ, ಕಿಟಕಿ ಇದ್ಯಲ್ಲ," ಎಂದ ಚಲುವಯ್ಯ. "ಅದನ್ನ ಕಿತ್ತರೆ ಧಾರಾಳ ಜಾಗ ಆಗುತ್ತೆ."

ಎಲ್ಲರೂ ಕಿಟಕಿಯ ಕಡೆ ನೋಡಿದರು. ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿ. ಊರಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಕಬ್ಬಿಣದ ಸರಳು, ಸಿಮೆಂಟಿನ ಅಂಚು. ಅದನ್ನು ನೋಡಿದ ಕಣ್ಣುಗಳೆಲ್ಲ ಆಮೇಲೆ ಅಕ್ಕಯಮ್ಮನ ಕಡೆ ತಿರುಗಿದವು. ಪ್ರಾಣ ಹೋಗುವಾಗ ಹತ್ತಿರ ಇದ್ದವಳು ಅವಳೊಬ್ಬಳೇ. ಸತ್ತವನ ಹೆಂಡತಿ ಯಶೋದಮ್ಮ ಸೋಮೇಶ್ವರನ ಗುಡಿಗೆ ತೀರ್ಥ ತರಲು ಹೋಗಿದ್ದಳು. ಹಿತ್ತಲ ಕೋಣೆಯಲ್ಲಿದ್ದ ಗಂಡನ ಅಣ್ಣನ ಹೆಂಡತಿ ಅಕ್ಕಯಮ್ಮನನ್ನು ಕರೆದು, ಒಂದು ಗಳಿಗೆ ಕೂತಿರಿ ಅಕ್ಕ ಎಂದು ಹೇಳಿ ಹೋಗಿದ್ದಳು.

ಅಕ್ಕಯಮ್ಮ ತಲೆದೆಸೆಯ ದೀಪದ ಬತ್ತಿಯನ್ನು ಮುಂದಕ್ಕೆಳೆದು, ಬೆರಳಿನ ಎಣ್ಣೆಯನ್ನು ನಿಧಾನವಾಗಿ ತಲೆಗೂದಲಿಗೆ ಒರೆಸಿಕೊಂಡಳು. ಇಂಥ ಒಂದು ಮಾತಿಗಾಗಿ ಅವಳು ಐದು ವರ್ಷ ಕಾದಿದ್ದಳು. ಅದು ಹೀಗೆ ಊರಿನವರೆಲ್ಲ ಬಂದು, ಕೈಮುಗಿದು, ಹೇಳಿ ಅಮ್ಮ ಎಂದು ಬೇಡುವ ರೂಪದಲ್ಲಿ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ.

"ಮುಂಚೆ," ಎಂದಳು.

"ಸರಿಯಾಗಿ ನೆನಪಿದ್ಯಾ?"

"ನೆನಪಿಲ್ದೆ ಏನು? ನಿದ್ದೇಲೇ ಹೋದ. ಒಂದ್ ಮಾತೂ ಆಡ್ಲಿಲ್ಲ. ಮೂಗಿನ ಹತ್ರ ಕೈ ಇಟ್ಟು ನೋಡ್ದೆ, ಉಸಿರಿರ್ಲಿಲ್ಲ. ಅದಾಗಿ ಎಷ್ಟೋ ಹೊತ್ತಿಗೆ ಕೂಗು ಆಯ್ತು."

ಹೇಳಿದ್ದು ಸುಳ್ಳು. ಅವನು ಸತ್ತದ್ದು ಕೂಗು ಆದಮೇಲೆ.

*

ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಬೀದಿಯ ಕಡೆ ಕಿಟಕಿಯೇ ಇರಲಿಲ್ಲ. ಗೋಡೆಯ ಮೇಲ್ಗಡೆ ಬೆಕ್ಕು ನುಸುಳುವಷ್ಟು ಎರಡು ಕಿಂಡಿ, ಅಷ್ಟೆ. ಮದುವೆಯಾದ ಮೊದಲ ಯುಗಾದಿಗೆ ಮಗಳನ್ನು ಕರೆಯಲು ಗರುಡಾಚಾರ್‌ಪಾಳ್ಯದಿಂದ ಅಪ್ಪ ದೊಡ್ಡಮುನಿಯಪ್ಪ ಬಂದ. ಒಳಗೆ ಬಂದವನು ಕತ್ತಲಿಗೆ ಕಣ್ಣು ಹೊಂದದೆ ಬೀಗರ ಕಾಲನ್ನೇ ತುಳಿದ.

"ಏನ್ ಬೀಗ್ರೆ, ಹಗ್ಲೇ ಇಷ್ಟ್ ಕತ್ಲು? ಹೆಣ್ಣು ಕೊಟ್ಟಿದ್ದು ಮನೆಗೋ, ರಾಗಿ ಹಗೇವಿಗೋ?"

ಎಲ್ಲರೂ ನಕ್ಕರು. ಅಪ್ಪನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಹೊಲದ ಬದುವಿನಲ್ಲಿದ್ದ ಹಲಸಿನ ಮರ ಕಡಿಸಿ, ಆಚಾರಿಯನ್ನು ಮನೆಯಲ್ಲೇ ಕೂರಿಸಿಕೊಂಡು, ಎರಡು ಕಿಟಕಿ ಮಾಡಿಸಿದ. ಕಡೆದ ಮರದ ಸರಳು, ಎರಡೆರಡು ಕದ, ಚೌಕಟ್ಟಿನ ನೆತ್ತಿಯ ಮೇಲೆ ಎದುರುಬದುರಾಗಿ ಕೂತ ಜೋಡಿ ಗಿಣಿ. ಗಾಡಿಯ ಮೇಲೆ ಹೇರಿಕೊಂಡು, ಎತ್ತಿನ ಕೊಂಬಿಗೆ ಮಾವಿನ ಸೊಪ್ಪು ಕಟ್ಟಿಕೊಂಡು, ಮೆರವಣಿಗೆಯ ಹಾಗೆ ತಂದ. ಗೋಡೆ ಒಡೆಸಿ ಕೂರಿಸಿ, ಕದ ತೆಗೆದು ಬಿಸಿಲು ಒಳಗೆ ಬಿದ್ದಾಗ ಊರವರೆದುರಿಗೆ ಮೀಸೆ ತಿರುವಿದ.

"ನೋಡ್ಕಳ್ರಪ್ಪಾ, ಈ ಮನೆಗೆ ಬೆಳಕು ಬಂದಿದ್ದು ಗರುಡಾಚಾರ್‌ಪಾಳ್ಯದಿಂದ."

ಬೀಗರು ಮತ್ತೆ ನಕ್ಕರು. ಒಬ್ಬ ಮಾತ್ರ ನಗಲಿಲ್ಲ. ಅವಳ ಗಂಡ ಪಿಳ್ಳಪ್ಪನ ತಮ್ಮ, ಆಗಿನ್ನೂ ಮೊಳಕಾಲಿನ ತನಕ ಕೆಸರು ಮೆತ್ತಿಕೊಂಡು ತಿರುಗುತ್ತಿದ್ದ ಮುನಿನಾರಾಯಣ. ಆ ಬಿಸಿಲಲ್ಲಿ ನಿಂತು ಗಿಣಿಗಳನ್ನು ಗುರಾಯಿಸಿ ನೋಡಿದ್ದು ಅವಳಿಗೆ ಈಗಲೂ ನೆನಪಿತ್ತು. ಹುಡುಗುಬುದ್ಧಿ ಅಂದುಕೊಂಡಿದ್ದಳು. ಕೆಲವು ಹುಡುಗರು ಮಾತನ್ನು ನುಂಗಿಬಿಡುತ್ತಾರೆ, ಅರಗಿಸಿಕೊಳ್ಳುವುದಿಲ್ಲ.

*

ಬಿಳಿಯರ ದಂಡಿನ ಬ್ಲಾಕ್‌ಪಳ್ಳಿ ಪೇಟೆಯಿಂದ ಮುನೀರ್ ಬಂದಾಗ ಹೆಣಕ್ಕೆ ಸ್ನಾನವಾಗಿತ್ತು. ಗಾಜಿನ ಕೆಲಸದವನು, ಹಳೇ ಬಾಗಿಲು ಕಿಟಕಿ ಕೊಂಡು ಮಾರುವವನು. ಈ ಕಿಟಕಿ ಹಾಕಿದ್ದೂ ಅವನೇ. ಸ್ನೇಹದ ಮೇಲೆ ಮಣ್ಣಿಗೆ ಬಂದವನ ಕೈಗೆ ಮುನಿರಾಜಪ್ಪ ಹಾರೆ ಕೊಟ್ಟ.

"ಅರೆ, ಇದೇನಪ್ಪ ನಿಮ್ ಊರಿನ ನ್ಯಾಯ?" ಎಂದ ಮುನೀರ್, ಹಾರೆಯನ್ನು ಎರಡು ಕೈಯಲ್ಲಿ ಹಿಡಿದು ದಿಕ್ಕು ತೋಚದೆ. "ನಾವೇ ಹಾಕಿದ್ದು, ನಾವೇ ಕೀಳ್ಬೇಕಾ? ಅದೂ ಅವ್ರ್ ಮುಂದೇನೇ?"

"ಬೇರೆಯೋರ್ ಕಿತ್ತರೆ ಗೋಡೆ ಪೂರ್ತಿ ಬರುತ್ತೆ ಸಾಬ್ರೆ."

"ಇದನ್ನ ಹಾಕಿದ್ ದಿನ ನಿಮ್ಮಪ್ಪಾರು ಏನ್ ಅಂದ್ರು ಗೊತ್ತಾ? ಮುನೀರ್, ನಾನ್ ಸತ್ತ್ರೂ ಈ ಕಿಟಕಿ ಅಲ್ಲಾಡ್ಬಾರ್ದು, ಹಂಗ್ ಹಾಕು. ಅದಕ್ಕೇ ಸಿಮೆಂಟು ಜಾಸ್ತಿ ಹಾಕ್ದೆ. ಈಗ ನೋಡಿ ನಮ್ ಕರ್ಮ."

ಹಿಂದೆ ಕೂತ ಗಂಡಸರಲ್ಲಿ ಒಬ್ಬಿಬ್ಬರು ಟವಲಿನಲ್ಲಿ ಬಾಯಿ ಮುಚ್ಚಿಕೊಂಡರು.

"ಪಾಪ, ಬದುಕೆಲ್ಲ ಹುಲ್ಲಿನ ಹೊರೆ ಹೊತ್ತ," ಎಂದಳು ಚಿಕ್ಕಮುನಿಯಮ್ಮ. "ಕೆರೆ ಅಂಚಲ್ಲಿ ಕುಯ್ದು, ದಂಡಿನ ಕುದುರೆ ಲಾಯಕ್ಕೆ ನಡ್ಕೊಂಡೇ ಹೋಗ್ತಿದ್ದ. ಬಂಗ್ಲೆ ಬೇಲಿ ಆಚೆ ನಿಂತು ಗಾಜಲ್ಲಿ ತನ್ ಮುಖ ನೋಡ್ಕೊಂಡ್ ಬರ್ತಿದ್ದನಂತೆ. ಒಂದ್ಸಲ ಬಟ್ಲರು ನಾಯಿ ಬಿಟ್ಟ. ಅವತ್ತೇ ಹೇಳ್ದ ನನ್ ಹತ್ರ, ಚಿಕ್ಕಮುನಿಯಕ್ಕ, ನನ್ ಮನೆಗೂ ಗಾಜಾಕಿಸ್ತೀನಿ, ಒಳಗಡೆಯಿಂದ ನೋಡ್ತೀನಿ ಅಂತ."

"ಯುದ್ಧ ಕೊಡ್ತು," ಎಂದ ಚಲುವಯ್ಯ. "ಹುಲ್ಲಿನ ಕಂಟ್ರಾಕ್ಟು ಸಿಕ್ತು, ಕಿಟಕಿ ಬಂತು."

"ಬಂದು ಒಂದ್ ವರ್ಷ ಆಗ್ಲಿಲ್ಲ, ಜಪಾನಿನೋರ್ ಬಾಂಬ್ ಹಾಕ್ತಾರೆ ಅಂತ ಗಾಜಿಗೆಲ್ಲ ಕರಿ ಬಣ್ಣ ಬಳೀರಿ ಅಂದ್ರು. ಮರದ್ ಕದ ಇದ್ದೋರು ಕದ ಹಾಕ್ಕೊಂಡ್ ಮಲಗಿದ್ರು. ನಮ್ ಗಾಜಿನ ದೊರೆ ಏಣಿ ಹತ್ತಿ ಬಣ್ಣ ಬಳ್ದ." ಚಿಕ್ಕಮುನಿಯಮ್ಮ ನಗುವನ್ನು ಎಲೆಯಡಿಕೆಯ ಜೊತೆ ದವಡೆಗೆ ತಳ್ಳಿದಳು. "ಅದಿನ್ನೂ ಪೂರ್ತಿ ಬಿಟ್ಟೇ ಇಲ್ಲ ನೋಡಿ."

ನಿಜ. ಗಾಜಿನ ಮೂಲೆಮೂಲೆಗಳಲ್ಲಿ ಕಪ್ಪು ಕಚ್ಚಿಕೊಂಡಿತ್ತು. ಅಕ್ಕಯಮ್ಮ ಅದನ್ನೇ ನೋಡುತ್ತಿದ್ದಳು. ಎಲ್ಲರ ಬಾಯಲ್ಲೂ ಅವನ ಬದುಕು ಹೀಗೆ ಪಾಪ ಪಾಪವಾಗಿ ಬರುತ್ತಿತ್ತು. ಹುಲ್ಲಿನ ಹೊರೆ ಅವಳಿಗೂ ಗೊತ್ತಿತ್ತು. ಅವನ ಕತ್ತಿನ ಹಿಂದೆ ಹೊರೆ ಉಜ್ಜಿ ಗಟ್ಟಿಯಾದ ಚರ್ಮಕ್ಕೆ ಹರಳೆಣ್ಣೆ ಹಚ್ಚಿದವಳು ಅವಳೇ. ಹಚ್ಚಿಸಿಕೊಂಡವನು ಕೊಟ್ಟ ಪ್ರತಿಫಲ ಏನು ಅಂತ ಈ ಚಿಕ್ಕಮುನಿಯಮ್ಮ ಹಾಡಿ ಅಳುವುದಿಲ್ಲ.

*

ಗಾಜಿನ ಕಿಟಕಿ ಗಾಡಿಯಲ್ಲಿ ಬಂದ ದಿನ ಹಳೆಯವೆರಡನ್ನೂ ಕಿತ್ತು ಅಂಗಳದಲ್ಲಿ ಒರಗಿಸಿದ್ದರು. ಒಂದರ ಜಾಗಕ್ಕೆ ಗಾಜು, ಇನ್ನೊಂದರ ಜಾಗಕ್ಕೆ ಇಟ್ಟಿಗೆ. ಮುನೀರ್ ಗಿಣಿಗಳ ಮೇಲೆ ಕೈಯಾಡಿಸಿ, "ಇದನ್ನ ನಂಗ್ ಕೊಡಿ. ದಂಡಲ್ಲಿ ಇಂಥದ್ದಕ್ಕೆ ಗಿರಾಕಿ ಇದ್ದಾರೆ, ಹೊಸ ಮನೆಗೇ ಹಾಕಿಸ್ತಾರೆ," ಎಂದ.

ಅಕ್ಕಯಮ್ಮ ಹಿತ್ತಲಿಂದ ಬಂದಳು. ಊರೆಲ್ಲ ಜ್ವರ ಬಿದ್ದ ವರ್ಷ ಗಂಡ ತೀರಿಕೊಂಡಾಗಿನಿಂದ ಅವಳಿದ್ದದ್ದು ಹಿತ್ತಲಿನ ಕೋಣೆಯಲ್ಲಿ. ಅದಕ್ಕೆ ಬಾಗಿಲೊಂದೇ. "ಮಾರ್ಬೇಡ ಕಣಪ್ಪ. ಒಂದನ್ನ ನನ್ ಕೋಣೆಗೆ ಹಾಕಿಸ್ಕೊಡು. ಅಲ್ಲಿ ಗಾಳಿ ಇಲ್ಲ, ಬೆಳಕಿಲ್ಲ. ನಮ್ಮಪ್ಪನ್ ಗುರ್ತು ಅಂತ ಇಟ್ಕೋತೀನಿ."

ಮುನಿನಾರಾಯಣಪ್ಪ ಬಹಳ ಮರ್ಯಾದೆಯಿಂದ, "ಹಾಕಿಸೋಣ ಬಿಡಿ ಅತ್ತಿಗೆ," ಎಂದ. ಅವಳು ಆ ದಿನವೇ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಚೌಕ ಗೀಚಿ ಇಟ್ಟಳು.

ದೀಪಾವಳಿಯ ನೀರಿಗೆ ಅವನೇ ಬಚ್ಚಲ ಒಲೆ ಹಚ್ಚಿದ. ಹಂಡೆ ಭರ್ತಿ ಕುದಿಯುವ ನೀರು. ಮನೆಯವರಿಗೆಲ್ಲ ಆದಮೇಲೆ ಕೊನೆಗೆ ಅವಳು ಮೀಯುವಾಗ ಬಾಗಿಲಾಚೆ ನಿಂತು ಕೇಳಿದ.

"ನೀರ್ ಚೆನ್ನಾಗಿ ಕಾದಿದ್ಯಾ ಅತ್ತಿಗೆ?"

"ಚೆನ್ನಾಗ್ ಕಾದಿದೆಯಪ್ಪ."

"ಕಾಯ್ದೇ ಇರುತ್ತಾ? ಹಲಸಿನ ಸೌದೆ."

ತಲೆಯ ಸೀಗೆಪುಡಿ ತೊಳೆಯದೆ, ಸೀರೆ ಸುತ್ತಿಕೊಂಡು ಒಲೆಯ ಬಾಯಿಗೆ ಬಂದು ಕೆದಕಿದಳು. ಬೂದಿಯಲ್ಲಿ ಅರ್ಧ ಸುಟ್ಟ ಗಿಣಿಯ ಬಾಲ ಸಿಕ್ಕಿತು. ಅದನ್ನು ಸೆರಗಿಗೆ ಕಟ್ಟಿಕೊಂಡು, ಅಪ್ಪನ ಮರ ಕಾಯಿಸಿದ ನೀರಿನಲ್ಲಿ ಮಿಂದ ಮೈಯನ್ನು ಬಾವಿಯ ತಣ್ಣೀರಿನಿಂದ ಮತ್ತೆ ತೊಳೆದಳು. ಅವತ್ತಿನಿಂದ ಅವಳು ಆ ಮನೆಯಲ್ಲಿ ಬಿಸಿನೀರು ಮುಟ್ಟಲಿಲ್ಲ.

ಎರಡನೆಯದನ್ನು ಸುಡಲಿಲ್ಲ. ಸುಟ್ಟಿದ್ದರೆ ಆಗುತ್ತಿತ್ತು. ಬಂಗಲೆಗಳಲ್ಲಿ ಇರುವ ಹಾಗೆ ಹಿತ್ತಲಿನಲ್ಲಿ ಕಕ್ಕಸು ಕಟ್ಟಿಸಿ, ಗಿಣಿಯ ಕಿಟಕಿಯನ್ನು ಚೌಕಟ್ಟು ಸಮೇತ ಅದರ ಗೋಡೆಗೆ ಕೂರಿಸಿದ, ಅವಳ ಕೋಣೆಯ ಬಾಗಿಲಿಗೆ ನೇರವಾಗಿ. ದಿನಾ ಬೆಳಗ್ಗೆ ಒಳಗೆ ಕೂತು, ಕದ ತೆಗೆದು, ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಹೇಳುತ್ತಿದ್ದ.

"ಆಹಾ, ಅತ್ತಿಗೆ. ಗರುಡಾಚಾರ್‌ಪಾಳ್ಯದ ಗಾಳಿ ಎಂಥಾ ಸೊಗಸು."

ಮಳೆ ಬಿದ್ದು ಕದ ಉಬ್ಬಿತು, ಬಿಸಿಲಿಗೆ ಬಿರಿಯಿತು. ಅವಳು ಐದು ವರ್ಷ ಬಾಗಿಲು ತೆಗೆದಾಗೆಲ್ಲ ಅದನ್ನೇ ನೋಡಿದಳು. ಮೈದುನನ ಮಗ ಮುನಿರಾಜಪ್ಪನನ್ನು ಮಡಿಲಲ್ಲಿ ಬೆಳೆಸಿದ ತಪ್ಪಿಗೆ, ಅವನ ಮುಖ ನೋಡಿ ಮನೆ ಬಿಟ್ಟು ಹೋಗಲಿಲ್ಲ. ಒಂದು ದಿನ ಮಾತ್ರ ಹಿತ್ತಲಿನಲ್ಲಿ ನಿಂತು, ಯಾರಿಗೂ ಕೇಳಿಸದ ಹಾಗೆ, "ನಿನ್ ಗಾಜು ಒಡೆದೇ ನಿನ್ನ ಆಚೆಗೆ ಹಾಕ್ಲಿ," ಎಂದಿದ್ದಳು. ಹಾಗೆ ಎಲ್ಲರೂ ಬೈಯುತ್ತಾರೆ. ಯಾರ ಬೈಗುಳವೂ ಪಂಚಾಂಗದಲ್ಲಿ ಸೇರಿಕೊಂಡು ಬರುವುದಿಲ್ಲ.

*

ಹಾರೆ ಮೊದಲು ಬಿದ್ದದ್ದು ಗಾಜಿಗೆ. ಮುನೀರ್ ಬಟ್ಟೆ ಹೊದಿಸಿ ಮೆಲ್ಲಗೆ ಒಡೆಯಲು ನೋಡಿದ. ಅದು ಮೆಲ್ಲಗೆ ಒಡೆಯುವ ಜಾತಿಯಲ್ಲ. ಬೀದಿಯಲ್ಲಿ ನಿಂತಿದ್ದವರು ಹಿಂದಕ್ಕೆ ಹಾರಿದರು. ಆಮೇಲೆ ಸಿಮೆಂಟು. ಅದು ಹಟ ಹಿಡಿಯಿತು. ಮುನೀರ್ ಬೆವರಿದ, ಇನ್ನಿಬ್ಬರು ಕೈಹಾಕಿದರು, ಚಟ್ಟ ಕಟ್ಟಿ ಮುಗಿದು ಕಾಯುತ್ತಿತ್ತು.

"ನೀನ್ ಹಾಕಿದ್ ಗಟ್ಟಿ ನೋಡಯ್ಯ," ಎಂದ ಚಲುವಯ್ಯ. "ಸತ್ತೋನ್ನ ಮನೇಲೇ ಇಟ್ಕೊಳ್ಳೋ ಅಷ್ಟು ಗಟ್ಟಿ."

ಅಕ್ಕಯಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಒಂದೊಂದು ಏಟೂ ಅವಳ ಒಳಗೆ ಎಲ್ಲೋ ಸರಿಯಾಗಿ ಹೋಗಿ ಕೂರುತ್ತಿತ್ತು. ನೋಡು, ನೋಡ್ಕೋ, ಎಂದು ಹೆಣದ ಮುಚ್ಚಿದ ಕಣ್ಣಿಗೆ ಮನಸ್ಸಿನಲ್ಲೇ ಹೇಳಿದಳು. ನೀನು ಸುಟ್ಟಿದ್ದನ್ನು ಯಾರೂ ನೋಡಲಿಲ್ಲ. ನಿನ್ನದನ್ನು ಊರೇ ನೋಡುತ್ತಿದೆ.

ಆಗ ಮುನಿರಾಜಪ್ಪ ಬಂದು ಅವಳ ಪಕ್ಕದಲ್ಲಿ ಕೂತ. ಅವನ ಕೂದಲಿನಲ್ಲಿ ಸುಣ್ಣದ ಧೂಳು.

"ದೊಡ್ಡಮ್ಮ, ನೀವ್ ಹತ್ರಾನೇ ಇದ್ರಲ್ಲ. ಅಪ್ಪ ನಿಜವಾಗ್ಲೂ ಏನೂ ಅನ್ಲಿಲ್ವಾ?"

"ಇಲ್ಲ ಮಗಾ."

"ಬೆಳಗ್ಗೆ ನಾನ್ ಹೋಗಲ್ಲ ಅಂದೆ. ಬೈದು ಕಳಿಸಿದ್ರು. ಗೇಟ್ ಹಾಕಿಬಿಡ್ತಾರೆ ಹೋಗೋ ಅಂತ. ಅದೇ ಕೊನೇ ಮಾತಾ ನಂಗೆ?"

ಅವಳ ಕೈ ಅವನ ತಲೆಯ ಧೂಳು ಕೊಡವಲು ಎದ್ದು, ಅರ್ಧದಲ್ಲೇ ನಿಂತಿತು. ಸಿಮೆಂಟು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ತಡೀರಪ್ಪ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ತಲೆಬಾಗಿಲು ಅಲ್ಲೇ ತೆರೆದಿತ್ತು. ನಾಲ್ಕು ಜನ ಸತ್ತವನನ್ನು ಎತ್ತಿ, ಹೊಸಿಲು ದಾಟಿಸಿ, ರಾಜನ ಹಾಗೆ ಕರೆದೊಯ್ಯುತ್ತಿದ್ದರು.

ಗೋಡೆಯಾಚೆಯಿಂದ ಹಿತ್ತಲಿನ ವಾಸನೆ ಬಂತು.

"ನಿದ್ದೇಲೇ ಹೋದ ಅಂದೆನಲ್ಲಪ್ಪ," ಎಂದಳು.

ಚೌಕಟ್ಟು ಒಮ್ಮೆಲೇ ಕಿತ್ತುಕೊಂಡು ಬೀದಿಗೆ ಬಿತ್ತು.

*

ನಿದ್ದೆಯಲ್ಲಿ ಹೋದವನಲ್ಲ ಅವನು. ದಿಂಬಿಗೆ ಒರಗಿ ಕೂತು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದ. "ಅತ್ತಿಗೆ, ಕಿಟಕಿ ತೆಗೀರಿ," ಎಂದ.

ಅವಳು ಎದ್ದು ತಳ್ಳಿದಳು. ಮನಸ್ಸಿಟ್ಟೇ ತಳ್ಳಿದಳು, ದೇವರ ಮುಂದೆ ಬೇಕಾದರೆ ಹೇಳುತ್ತಾಳೆ. ಗಾಜಿನ ಕದ ಅಲುಗಲಿಲ್ಲ.

"ಬರಲ್ಲ ಕಣಪ್ಪ. ಬಣ್ಣ ಬಳ್ದು ಅಂಟಿಸಿಟ್ಟಿದ್ದೀಯ."

"ಜೋರಾಗ್ ತಳ್ಳಿ."

"ನಮ್ಮಪ್ಪನ ಕಿಟಕಿ ಆಗಿದ್ರೆ ಒಂದ್ ಬೆರಳಿಗೆ ತೆಗೀತಿತ್ತು."

ಅವನು ಅವಳ ಕಡೆ ಕತ್ತು ಹೊರಳಿಸಿದ. ಆ ಉಸಿರಿನಲ್ಲೂ ತುಟಿಯ ಕೊನೆಯಲ್ಲಿ ಹಳೆಯ ನಗು ಬಂತು. "ಅದು ಎಲ್ಲಿರ್ಬೇಕೋ ಅಲ್ಲೇ ಇದೆ ಅತ್ತಿಗೆ."

ಆಗ ಕೂಗು ಆಯಿತು. ಉದ್ದಕ್ಕೆ, ಕೆರೆಯ ಮೇಲೆ ಹಾದು, ಮುಚ್ಚಿದ ಗಾಜನ್ನು ಝಲ್ಲೆನ್ನಿಸಿ ನಿಂತಿತು. ಅದು ನಿಲ್ಲುವವರೆಗೂ ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ನಗು ಹೋಗಿತ್ತು.

"ಹುಡ್ಗ ಗೇಟೊಳಗೆ ಹೋಗಿರ್ತಾನಾ?"

"ಹೋಗಿರ್ತಾನೆ."

"ಬೆಳಗ್ಗೆ ಏನೂ ತಿಂದ್ ಹೋಗ್ಲಿಲ್ಲ ಅವ್ನು." ಉಸಿರೆಳೆದುಕೊಂಡು, "ಬಂದ ತಕ್ಷಣ ಊಟಕ್ಕಿಡಿ ಅತ್ತಿಗೆ. ನೀವ್ ಇಟ್ಟರೆ ತಿಂತಾನೆ," ಎಂದ.

ಆಯಿತು ಎಂದು ಅವಳು ತಿರುಗಿ ನೋಡುವಷ್ಟರಲ್ಲಿ ಬಾಯಿ ತೆರೆದೇ ಇತ್ತು, ಉಸಿರಿರಲಿಲ್ಲ.

*

ಹೆಣವನ್ನು ಬಟ್ಟೆಯಲ್ಲಿ ಸುತ್ತಿ, ಒಳಗಿನವರು ಹೊರಗಿನವರ ಕೈಗೆ ದಾಟಿಸಿದರು, ಸಂತೆಯಲ್ಲಿ ಗಾಡಿಯಿಂದ ಮೂಟೆ ಇಳಿಸುವ ಹಾಗೆ. ನಡುವೆ ಹೆಗಲು ಇಟ್ಟಿಗೆಗೆ ತಗುಲಿ ನಿಂತಿತು. "ಓರೆ ಮಾಡಿ, ಓರೆ ಮಾಡಿ," ಎಂದು ಚಲುವಯ್ಯ ಕೂಗಿದ. ಓರೆ ಮಾಡಿದರು. ಕಾಲುಗಳು ಒಂದು ಗಳಿಗೆ ಕಿಟಕಿಯಿದ್ದ ಜಾಗದಲ್ಲಿ ಗಾಳಿಯಲ್ಲಿ ನಿಂತವು. ಚಲುವಯ್ಯ ಶಂಖ ಊದಿ, ಜಾಗಟೆ ಬಡಿದ. ಗಂಡಸರು ತೋಟದ ಕಡೆ, ಪಿಳ್ಳಪ್ಪನನ್ನೂ ಹೂತಿದ್ದ ಜಾಗಕ್ಕೆ ಹೊರಟರು.

ಹೊರಡುವ ಮುಂಚೆ ಚಲುವಯ್ಯ ಹೆಂಗಸರಿಗೆ ಹೇಳಿದ. "ಸಂಜೆ ಕೂಗಿನೊಳಗೆ ಗೋಡೇಲಿರೋ ಆ ಗವಿ ಮುಚ್ಚಿಸ್ಬೇಕು. ಒಳಗೊಂದ್ ದೀಪ ಇಟ್ಟು, ಬಾಗ್ಲು ಕಿಟಕಿ ಎಲ್ಲ ಭದ್ರ ಮಾಡಿ. ಒಂದ್ ಬೆರಳಷ್ಟೂ ಸಂದಿ ಇರ್ಬಾರ್ದು. ಹೋದೋನು ಹೋದ ದಾರೀಲೇ ವಾಪಸ್ ಬರ್ತಾನೆ."

"ಮುಚ್ಚೋದು ಯಾವುದ್ರಲ್ಲಿ?" ಎಂದ ಮುನೀರ್. ಮಣ್ಣಿಗೆ ಹೋಗದೆ ಹಿಂದೆ ಉಳಿದಿದ್ದ. ಬೀದಿಯಲ್ಲಿ ಬಿದ್ದ ಗಾಜಿನ ಕಿಟಕಿ ಸೊಟ್ಟಗಾಗಿತ್ತು.

"ಅಳತೆ ಸರಿಹೋಗೋದು ಒಂದಿದೆ, ಬನ್ನಿ ಸಾಬ್ರೆ," ಎಂದಳು ಅಕ್ಕಯಮ್ಮ.

ಕಕ್ಕಸಿನ ಮಣ್ಣಿನ ಗೋಡೆ ಎರಡೇಟಿಗೆ ಬಂತು. ಅವಳು ಸೆರಗು ಬಿಗಿದು, ಬಾವಿಯಿಂದ ಸೇದಿ ಸೇದಿ ಸುರಿದು, ಬೂದಿ ಹಾಕಿ, ಸೀಗೆ ಹಾಕಿ, ತೆಂಗಿನ ನಾರಿನಿಂದ ಸರಳು ಸರಳೂ ಉಜ್ಜಿದಳು. ಗಿಣಿಗಳ ಕೊಕ್ಕಿನ ಸಂದಿಗೆ ಕಡ್ಡಿ ಹಾಕಿ ತೆಗೆದಳು. ಯಶೋದಮ್ಮ ಬಾವಿಕಟ್ಟೆಯಲ್ಲಿ ಕೂತು ನೋಡುತ್ತಿದ್ದಳು. ಕೈಯಲ್ಲಿ ಬಳೆ ಇನ್ನೂ ಇದ್ದವು.

"ಅಕ್ಕ," ಎಂದಳು. "ಕೂಗು ಆದಾಗ ನಾನ್ ಕೆರೆ ಏರಿ ಮೇಲಿದ್ದೆ. ಬಂದು ಮುಟ್ಟಿದಾಗ ಅವ್ರ್ ಕೆನ್ನೆ ಇನ್ನೂ ಬೆಚ್ಚಗಿತ್ತು."

ನಾರು ನಿಂತಿತು. "ಸ್ವಲ್ಪ ಹೊತ್ತು ಬೆಚ್ಚಗೇ ಇರುತ್ತೆ ಯಶೋದ."

"ಇರುತ್ತೆ." ಯಶೋದಮ್ಮ ಬಾವಿಯೊಳಗೆ ಇಣುಕಿ ನೋಡಿದಳು. "ಆ ಗಾಜು ದಿನಾ ಒರೆಸಿದ್ದು ನಾನು. ಒಂದ್ ದಿನ ಅಲ್ಲಿ ನಿಂತು ಬೀದಿ ನೋಡಿದ್ದಕ್ಕೆ, ಇದೇನು ಬಂಗ್ಲೆ ದೊರೆಸಾನಿ ಅಂದ್ಕೊಂಡ್ಯಾ ಅಂತ ಎಳೆದ್ ಹಾಕಿದ್ರು. ದಾಸಯ್ಯ ಕೇಳ್ದಾಗ ನಾನೂ ಅಲ್ಲೇ ಇದ್ದೆ ಅಕ್ಕ. ಬಾಯ್ ತೆಗೀಬೇಕು ಅನ್ನಿಸ್ಲಿಲ್ಲ."

ಯಶೋದಮ್ಮ ಎದ್ದು ಬಂದು ಹಗ್ಗ ಹಿಡಿದು ನೀರು ಸೇದಿದಳು, ಅಕ್ಕಯಮ್ಮ ತೊಳೆದಳು.

ಗಾರೆ ಮೆತ್ತಿ ಮುನೀರ್ ಕಿಟಕಿಯನ್ನು ಎತ್ತಿ ಇಟ್ಟಾಗ ಅದು ತನ್ನ ಹಳೆಯ ಜಾಗ ನೆನಪಿದ್ದ ಹಾಗೆ ಹೋಗಿ ಕೂತಿತು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, "ಶಹಬ್ಬಾಸ್," ಎಂದ. "ಅವತ್ತೇ ನಂಗೆ ಮಾರಿದ್ರೆ ಇವತ್ತು ಯಾರ್ದೋ ಮನೇಲಿ ಇರ್ತಿತ್ತು ಅಮ್ಮಾ."

"ಅದಕ್ಕೇ ಮಾರ್ಲಿಲ್ಲ ಅನ್ಸುತ್ತೆ," ಎಂದಳು ಅಕ್ಕಯಮ್ಮ. ಅವಳಿಗೇ ತನ್ನ ನಗು ಕೇಳಿಸಿತು. ಅದು ಸತ್ತವನ ನಗುವಿನ ಹಾಗಿತ್ತು.

ಗಂಡಸರು ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಬಂದರು. ನಡುಮನೆಯಲ್ಲಿ ದೀಪವಿಟ್ಟು, ತಲೆಬಾಗಿಲು ಹಾಕಿ, ಹೊಸಿಲಿಗೆ ಜಾಲಿಮುಳ್ಳು ಎಳೆದರು. ಮನೆಯವರಿಗೆ ಇನ್ನು ಮೂರು ತಿಂಗಳು ಹಿತ್ತಲ ಕೋಣೆಯೇ ಗತಿ. ಮುನಿರಾಜಪ್ಪ ಹೊಸ ಕಿಟಕಿಯನ್ನು, ಅಂದರೆ ಹಳೆಯದನ್ನು, ನೋಡಿಯೂ ನೋಡದವನ ಹಾಗೆ ಹಿತ್ತಲಿಗೆ ನಡೆದ. ಕೋಣೆಯ ಗೋಡೆಯ ಮೇಲಿನ ಇದ್ದಿಲಿನ ಚೌಕದ ಕೆಳಗೆ ಕೂತ.

ಚಿಕ್ಕಮುನಿಯಮ್ಮನ ಮನೆಯಿಂದ ಮುದ್ದೆ, ಹುರುಳಿಕಾಳಿನ ಸಾರು ಬಂದಿತ್ತು. ಅವನು ಕೈಹಾಕಲಿಲ್ಲ.

"ಉಣ್ಣು ಮಗಾ," ಎಂದಳು ಅಕ್ಕಯಮ್ಮ, ತಟ್ಟೆಯನ್ನು ಹತ್ತಿರ ಸರಿಸಿ. "ಬೆಳಗ್ಗೇನೂ ಏನೂ ತಿಂದ್ ಹೋಗಿಲ್ಲ ನೀನು."

ಅವನು ತಲೆಯೆತ್ತಿದ.

"ನಾನ್ ಹೊರಡೋವಾಗ ಅಮ್ಮ ಕೊಟ್ಟಿಗೇಲಿದ್ರು. ಅಪ್ಪ ಒಬ್ರೇ ನೋಡಿದ್ದು. ನಿಮಗ್ಯಾರ್ ಹೇಳಿದ್ರು ದೊಡ್ಡಮ್ಮ?"

ಯಶೋದಮ್ಮ ಬಾಗಿಲ ಕಡೆ ಮುಖ ತಿರುಗಿಸಿಕೊಂಡಳು.

"ಯಾರೂ ಹೇಳ್ಲಿಲ್ಲ," ಎಂದಳು ಅಕ್ಕಯಮ್ಮ. "ಮುಖ ನೋಡಿದ್ರೆ ಗೊತ್ತಾಗಲ್ವಾ? ಉಣ್ಣು."

ಅವನು ಅವಳನ್ನೇ ನೋಡುತ್ತಿದ್ದ. ಆಮೇಲೆ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡದೆ ಹಿಡಿದುಕೊಂಡ.

ಅವಳು ಕಿಟಕಿ ಹಾಕಿದ್ದಾರೋ ಇಲ್ಲವೋ ನೋಡುವ ನೆಪದಲ್ಲಿ ಎದ್ದು ಬೀದಿಗೆ ಬಂದಳು. ಗಾಜಿನ ಚೂರುಗಳನ್ನು ಯಾರೋ ಒಂದು ಕಡೆ ಗುಡಿಸಿದ್ದರು. ಕಿಟಕಿ ಪೂರಾ ಮುಚ್ಚಿರಲಿಲ್ಲ. ಸಂದಿಯಲ್ಲಿ ಒಳಗಿನ ದೀಪ, ದೀಪದ ಹಿಂದೆ ಬರಿಯ ನೆಲ ಕಾಣುತ್ತಿತ್ತು. ಸರಳಿನ ನಡುವೆ ಕೈ ಹಾಕಿ, ಕದದ ಬಳೆ ಹಿಡಿದು ಎಳೆದಳು. ಐದು ಮಳೆಗಾಲ ಕಂಡ ಮರ. ಒಂದು ಕದ ಇನ್ನೊಂದರ ಮೇಲೆ ಏರಿ ನಿಂತಿತು. ಇನ್ನೂ ಬಲವಾಗಿ ಎಳೆದು, ಅಗಳಿಗೆ ಸಿಕ್ಕಿಸಿ ಹಿಡಿದಳು.

ಸಂಜೆಯ ಕೂಗು ಆಯಿತು. ಅದು ಮುಗಿಯುವವರೆಗೂ ಹಿಡಿದೇ ಇದ್ದಳು.

ಕೈ ಬಿಟ್ಟಳು. ಕದ ಒಂದು ಗಳಿಗೆ ಹಾಗೇ ನಿಂತು, ಅಗಳಿಯಿಂದ ಜಾರಿ, ಕಿರುಗುಟ್ಟುತ್ತ ಒಳಮುಖವಾಗಿ ನಿಧಾನಕ್ಕೆ ತೆರೆದುಕೊಂಡಿತು.